ಬಿಚ್ಚದೆ ದಾಟಿಸಿದ ಗಂಟು

ಆ ಬೇಸಿಗೆಯಲ್ಲಿ ಮನೆಯ ಮುಂದೆ ಯಾವ ಮೋಟಾರ್ ಸೈಕಲ್ ನಿಂತರೂ ಪರಸಪ್ಪನ ಕಣ್ಣು ಬಾಗಿಲಿಗಿಂತ ಮೊದಲು ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಕಡೆ ಹೋಗುತ್ತಿತ್ತು. ಹಾಲಿನವನು ಬಂದಿರಬಹುದು, ಗ್ಯಾಸ್ ಸಿಲಿಂಡರಿನವನು ಬಂದಿರಬಹುದು. ಎದೆ ಮಾತ್ರ ಒಮ್ಮೆ ಧಸಕ್ಕೆನ್ನುತ್ತಿತ್ತು. ಬಂದವನು ಪೊಲೀಸನಲ್ಲ ಎಂದು ಖಾತ್ರಿಯಾದ ಮೇಲೆ ಹೆಂಡತಿ ಸುಂದರವ್ವನಿಗೆ ಒಂದು ತಂಬಿಗೆ ನೀರು ತರಲು ಹೇಳುತ್ತಿದ್ದ. ಬಂದವರಿಗಲ್ಲ, ತನಗೆ.

ಮಗಳು ಪ್ರಜ್ಞಾ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಬಂದವಳು. ರಾಮದುರ್ಗದ ಸರ್ಕಾರಿ ಮಣ್ಣು ಪರೀಕ್ಷೆಯ ಪ್ರಯೋಗಾಲಯಕ್ಕೆ ಅವಳ ಆಯ್ಕೆಯಾಗಿತ್ತು. ಉಳಿದದ್ದು ಪೊಲೀಸ್ ವೆರಿಫಿಕೇಶನ್ ಒಂದೇ. ಠಾಣೆಯಿಂದ ಒಬ್ಬರು ಮನೆಗೆ ಬಂದು, ಹುಡುಗಿಯ ಮೇಲೆ ಕೇಸೇನಾದರೂ ಇದೆಯೇ, ಮನೆತನ ಹೇಗೆ, ನೆರೆಯವರು ಏನನ್ನುತ್ತಾರೆ ಎಂದು ವಿಚಾರಿಸಿ ವರದಿ ಕಳಿಸಬೇಕು. ವರದಿ ಚೆನ್ನಾಗಿದ್ದರೆ ನೇಮಕದ ಆದೇಶ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಪ್ರಜ್ಞಾಳ ಮೇಲೆ ಕೇಸಿರಲಿಲ್ಲ. ಮನೆತನಕ್ಕೆ ಕುಂದಿರಲಿಲ್ಲ. ಆದರೆ ಮೂಲೆಯಲ್ಲಿ ಆ ಕಂಪ್ಯೂಟರಿತ್ತು, ಅದರ ಮೂಲಕ ಯಾರು ಯಾರೋ ಹಾದು ಹೋಗುತ್ತಿದ್ದರು.

ಅದು ಶುರುವಾದದ್ದು ಹೇಗೆ ಎನ್ನುವ ಮೊದಲು ಪರಸಪ್ಪ ಏನು ಕೆಲಸ ಮಾಡಿಕೊಂಡಿದ್ದ ಎಂದು ಹೇಳಬೇಕು. ಅವನು ಯರಗಟ್ಟಿಯ ಹತ್ತಿರದ ಚಚಡಿ ಎಂಬ ಹಳ್ಳಿಯವನು. ಹೊಲವನ್ನು ಅಣ್ಣ ನೋಡಿಕೊಂಡ, ಇವನು ಬಸ್ಸಿನಲ್ಲಿ ಕಂಡಕ್ಟರನಾಗಿ ಸೇರಿದ. ಮೊಣಕಾಲು ನೋಯತೊಡಗಿದ ಮೇಲೆ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರನಾಗಿ ಕೂತ, ಅಲ್ಲಿಂದಲೇ ನಿವೃತ್ತನಾದ. ಸಣ್ಣ ಕೋಣೆಯ ಕಿಟಕಿಯಲ್ಲಿ ಕೂತು ಬಂದ ಬಸ್ಸಿನ ಹೊತ್ತು ಬರೆಯುವುದು, ಹೋಗುವ ಬಸ್ಸಿನ ಊರುಗಳನ್ನು ಮೈಕಿನಲ್ಲಿ ಕೂಗುವುದು ಕಂಟ್ರೋಲರನ ಕೆಲಸ. ಆದರೆ ಸುತ್ತಿನ ಹಳ್ಳಿಗಳ ಹೆಂಗಸರಿಗೆ ಅವನು ಗೊತ್ತಿದ್ದದ್ದು ಬುತ್ತಿಯಿಂದ.

ಧಾರವಾಡದಲ್ಲಿ ಓದುವ ಮಕ್ಕಳಿಗೆ ತಾಯಂದಿರು ರೊಟ್ಟಿ, ಪಲ್ಯ, ಶೇಂಗಾ ಹಿಂಡಿಗಳನ್ನು ಅರಿವೆಯಲ್ಲಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಾರೆ. ಬೆಳಗಿನ ಬಸ್ಸಿಗೆ ಚಚಡಿಯಿಂದ ಬಂದ ಬುತ್ತಿ ಯರಗಟ್ಟಿಯಲ್ಲಿ ಇಳಿದು ಕಂಟ್ರೋಲರನ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂರುತ್ತದೆ. ಧಾರವಾಡದ ಬಸ್ಸು ಬಂದಾಗ ಡ್ರೈವರನ ಪಕ್ಕ, ಇಂಜಿನ್ನಿನ ಮುಚ್ಚಳದ ಮೇಲೆ ಏರುತ್ತದೆ. ಕೊಟ್ಟವಳಿಗೆ ಡ್ರೈವರನ ಹೆಸರು ಗೊತ್ತಿಲ್ಲ, ಡ್ರೈವರನಿಗೆ ತಿನ್ನುವವನ ಮುಖ ಗೊತ್ತಿಲ್ಲ. ಇದು ನಿಯಮದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ, ರೂಢಿಯಲ್ಲಿತ್ತು. ರೂಢಿ ನಡೆಯುತ್ತಿದ್ದದ್ದು ಒಂದೇ ಕಾರಣಕ್ಕೆ: ನಡುವೆ ಯಾರೂ ಬಿಚ್ಚುತ್ತಿರಲಿಲ್ಲ.

ಬಿಚ್ಚಿದರೆ ಗೊತ್ತಾಗುತ್ತಿತ್ತು ಕೂಡ. ಒಬ್ಬೊಬ್ಬ ತಾಯಿ ಗಂಟು ಹಾಕುವ ರೀತಿ ಒಂದೊಂದು. ಒಬ್ಬಳು ಅರಿವೆಯ ತುದಿಯನ್ನು ಒಳಕ್ಕೆ ತುರುಕುತ್ತಾಳೆ, ಇನ್ನೊಬ್ಬಳು ಎರಡು ಸುತ್ತು ಹಾಕಿ ಎಡಕ್ಕೆ ಎಳೆಯುತ್ತಾಳೆ. ಮಕ್ಕಳು ಬುತ್ತಿ ಇಸಿದುಕೊಂಡ ಕೂಡಲೇ ಮೊದಲು ನೋಡುತ್ತಿದ್ದದ್ದು ಗಂಟನ್ನು. ‘ಗಂಟು ಅವ್ವಂದ’ ಎಂದು ಕಂಡ ಮೇಲೆಯೇ ಕೈ ಹಾಕುತ್ತಿದ್ದರು.

ಪ್ರಜ್ಞಾ ಹಾಸ್ಟೆಲಿನಲ್ಲಿದ್ದಾಗ ಅವಳ ಕೋಣೆಯಲ್ಲಿ ಇರಾನಿನ ಹುಡುಗಿಯೊಬ್ಬಳಿದ್ದಳು. ಇವಳ ಬುತ್ತಿಯ ಕಡಕ್ ರೊಟ್ಟಿ ಅವಳಿಗೆ ಬಹಳ ಸೇರುತ್ತಿತ್ತು. ಒಂದು ಹಂತದಲ್ಲಿ ಆ ಹುಡುಗಿಯ ಊರಿನಲ್ಲಿ ಗಲಾಟೆ ಶುರುವಾಗಿ ಅಲ್ಲಿನ ಸರ್ಕಾರ ಅಂತರ್ಜಾಲವನ್ನು ಅರ್ಧಂಬರ್ಧ ತಡೆದುಬಿಟ್ಟಿತು. ತಾಯಿಯ ಸುದ್ದಿ ನಿಂತಿತು. ಹುಡುಗಿ ರೊಟ್ಟಿ ಮುರಿದು ಕೈಯಲ್ಲಿ ಹಿಡಿದುಕೊಂಡು ಫೋನು ನೋಡುತ್ತಾ ಕೂತಿರುತ್ತಿದ್ದಳು, ತಿನ್ನುತ್ತಿರಲಿಲ್ಲ. ಕೊನೆಗೆ ಒಂದು ದಿನ ತಾಯಿಯ ಸಂದೇಶ ಬಂತು. ಟಾರ್ ಎಂಬ ಜಾಲದ ಮೂಲಕ, ಯಾವುದೋ ದೇಶದ ಯಾವನೋ ಅಪರಿಚಿತನ ಮನೆಯ ಕಂಪ್ಯೂಟರನ್ನು ಹಾದು ಬಂದಿತ್ತು. ಆ ಅಪರಿಚಿತ ಯಾರೆಂದು ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಹುಡುಗಿ ಆ ದಿನ ರೊಟ್ಟಿ ತಿಂದಳು.

ಪ್ರಜ್ಞಾ ಓದು ಮುಗಿಸಿ ಯರಗಟ್ಟಿಗೆ ಮರಳಿದ ಮೇಲೆ ಮನೆಯ ಕಂಪ್ಯೂಟರಿನ ಬ್ರೌಸರಿಗೆ, ಆ ಟಾರ್ ಜಾಲಕ್ಕೆ ನೆರವಾಗುವ ಸ್ನೋಫ್ಲೇಕ್ ಎಂಬ ಸಣ್ಣ ಜೋಡಣೆಯೊಂದನ್ನು ಹಾಕಿದಳು. ಮನೆಗೆ ಬರುವ ಇಂಟರ್ನೆಟ್ಟಿನಲ್ಲಿ ಮನೆಯವರು ಬಳಸುತ್ತಿದ್ದದ್ದು ಸ್ವಲ್ಪವೇ. ಉಳಿದದ್ದು ಆ ತಾಯಿಯಂಥವರಿಗೆ ಆಗಲಿ ಎಂಬುದು ಅವಳ ಲೆಕ್ಕ. ಪರದೆಯ ಅಂಚಿನಲ್ಲಿ ನೇರಳೆ ಬಣ್ಣದ ಗುರುತು ಮೂಡಿತು.

“ಏನದು?” ಎಂದು ಪರಸಪ್ಪ ಕೇಳಿದ.

“ಅಪ್ಪಾ, ಕೆಲವೊಂದು ದೇಶದಾಗ ಸುದ್ದಿ ಓದೂದು, ಮಾತಾಡೂದು ಎಲ್ಲಾ ಬಂದ್ ಮಾಡಿರ್ತಾರ. ಅಲ್ಲಿ ಮಂದಿಗೆ ಸೀದಾ ಹೋಗಾಕ ಆಗಂಗಿಲ್ಲ. ಅದಕ್ಕ ಬ್ಯಾರೆ ದೇಶದಾಗಿನ ಯಾರದರ ಮನಿ ಹಾದು ಹೋಗ್ತಾರ. ಈಗ ನಮ್ಮ ಮನಿನೂ ಅಂಥಾದ್ದೊಂದು.”

“ನಮ್ಮ ಮನ್ಯಾಗ ಬಂದು ಏನ್ ಮಾಡ್ತಾರ?”

“ಏನೂ ಮಾಡಂಗಿಲ್ಲ. ಬಸ್ ಬದಲಿ ಮಾಡಿ ಮುಂದ ಹೋಗ್ತಾರ.”

“ಏನ್ ಒಯ್ತಾರ?”

“ಅದು ನನಗೂ ಗೊತ್ತಾಗಂಗಿಲ್ಲ, ನಿನಗೂ ಗೊತ್ತಾಗಂಗಿಲ್ಲ. ಕಟ್ಟಿದ್ದನ್ನ ಬಿಚ್ಚಾಕ ನಮಗ ಬರಂಗಿಲ್ಲ.”

“ಅಂದ್ರ ಬುತ್ತಿ ಅನ್ನು,” ಎಂದ ಪರಸಪ್ಪ.

ಪ್ರಜ್ಞಾ ನಕ್ಕಳು. ಆದರೆ ಹೋಲಿಕೆಯನ್ನು ಹಾಗೆಯೇ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಕೊಟ್ಟವಳ ಮುಖವನ್ನು ಡ್ರೈವರ್ ನೋಡಿರುತ್ತಾನಲ್ಲ, ಹಾಗೆ ಬಂದ ಕಡೆಯ ವಿಳಾಸ ಒಂದು ಗಳಿಗೆ ಯಂತ್ರಕ್ಕೆ ತಿಳಿದಿರುತ್ತದೆ, ಅದನ್ನು ನಮಗೆ ತೋರಿಸುವುದಿಲ್ಲ, ಬರೆದಿಡುವುದೂ ಇಲ್ಲ ಎಂದಳು. ಕೊನೆಗೆ ಬುತ್ತಿ ಮುಟ್ಟಿಸುವವರು ನಾವಲ್ಲ, ಮುಂದೆ ಇನ್ನೂ ಸ್ಟ್ಯಾಂಡುಗಳಿವೆ ಎಂದಳು. ಪರಸಪ್ಪನಿಗೆ ಅಷ್ಟು ಸಾಕಾಯಿತು.

ಆಮೇಲೆ ಅದು ಅವನದೇ ಆಯಿತು. ಯಾರಾದರೂ ಹಾದು ಹೋಗುವಾಗ ನೇರಳೆ ಗುರುತು ಹಸಿರಾಗುತ್ತಿತ್ತು. ಒತ್ತಿದರೆ, ನಿನ್ನೆಯಿಂದ ಈಚೆಗೆ ಎಷ್ಟು ಜನ ದಾಟಿದರು ಎಂಬ ಅಂಕಿ ಕಾಣುತ್ತಿತ್ತು. ಚಹಾದ ಬಟ್ಟಲು ಹಿಡಿದು ಬಂದು ನೋಡಿ, “ಇವತ್ತ ಗಾಡಿ ಭರ್ತಿ ಐತಿ,” ಎನ್ನುತ್ತಿದ್ದ. ಅಂಕಿ ಸಣ್ಣದಿದ್ದರೆ ಬೇಸರಪಟ್ಟುಕೊಳ್ಳುತ್ತಿದ್ದ. ಕರೆಂಟು ಹೋದರೆ ಇನ್ವರ್ಟರಿಗೆ ಫ್ಯಾನು ಬೇಡ, ಅದು ನಡೆಯಲಿ ಎನ್ನುತ್ತಿದ್ದ.

“ನಿಮ್ಮಪ್ಪಗ ಒಂದು ಮೈಕ್ ಕೊಡಸು,” ಎಂದು ಸುಂದರವ್ವ ಬೆವರು ಒರೆಸಿಕೊಳ್ಳುತ್ತಾ ಮಗಳಿಗೆ ಹೇಳುತ್ತಿದ್ದಳು. “ರಿಟೈರ್ ಆದ್ರೂ ಡ್ಯೂಟಿ ಬಿಡವಲ್ಲರು.”

ಮೈಕು ಇಲ್ಲದಿದ್ದದ್ದೇ ತಪ್ಪಾಯಿತು. ಬಂದ ಬಸ್ಸನ್ನು ಊರಿಗೆಲ್ಲ ಕೂಗಿ ಹೇಳುವುದು ಅವನಿಗೆ ಅಭ್ಯಾಸ. ಒಂದು ಸಂಜೆ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಪಕ್ಕದ ಮನೆಯ ಮಲಕಾಜಪ್ಪನೆದುರು ಕೂಗಿದ. ಮಲಕಾಜಪ್ಪ ಗೊಬ್ಬರದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಆರಾಮಾಗಿದ್ದವನು. ಸ್ವಭಾವದಲ್ಲಿ ಒಳ್ಳೆಯವನು, ಪುಕ್ಕಲ.

“ಯಾರವರು, ನಿಮ್ಮ ಮನಿ ಹಾದು ಹೋಗವ್ರು?” ಎಂದು ಮಲಕಾಜಪ್ಪ ಕೇಳಿದ.

“ಯಾರಿಗ್ಗೊತ್ತು.”

“ಯಾವೂರವರು?”

“ಯಾರಿಗ್ಗೊತ್ತು.”

“ಏನ್ ಒಯ್ತಾರಪಾ ಮತ್ತ?”

“ಯಾರಿಗ್ಗೊತ್ತೋ ಮಾರಾಯಾ! ಗೊತ್ತಿಲ್ದ ದಾಟ್ಸೂದ ಅದರ ಕೆಲಸ.”

ಮಲಕಾಜಪ್ಪ ಬಟ್ಟಲು ಕೆಳಗಿಟ್ಟ. “ಪರಸಪ್ಪಾ, ಪ್ರಜ್ಞಾನ ನೌಕರಿ ಆರ್ಡರ್ ಬಂತೇನು?”

“ಪೊಲೀಸ್ ವೆರಿಫಿಕೇಶನ್ ಒಂದ ಉಳದೈತಿ.”

“ಪೊಲೀಸರು ಬಂದು ಕೇಳಿದ್ರೂ ಹಿಂಗ ಹೇಳ್ತಿಯೇನು, ಯಾರಿಗ್ಗೊತ್ತು ಯಾರಿಗ್ಗೊತ್ತು ಅಂತ?”

ಪರಸಪ್ಪನೂ ಬಟ್ಟಲು ಕೆಳಗಿಟ್ಟ. ಮಲಕಾಜಪ್ಪ ಹೆದರಿಸಲು ಹೇಳಿದ ಮಾತಾಗಿರಲಿಲ್ಲ ಅದು. ಹಾಗೆ ಹೇಳಿದ್ದರೆ ಪರಸಪ್ಪ ಎರಡು ಬೈದು ಎದ್ದು ಬರುತ್ತಿದ್ದ. ಇವನು ನಿಜವಾಗಿ ಉತ್ತರ ಕೇಳುತ್ತಿದ್ದ.

ಮರುದಿನ ಬೆಳಿಗ್ಗೆ ಪ್ರಜ್ಞಾ ಜೋಳ ಹಸನು ಮಾಡುತ್ತಾ ಕೂತಿದ್ದಾಗ ಪರಸಪ್ಪ ಎದುರಿಗೆ ಬಂದು ಕೂತ. ಮೊರದಿಂದ ಒಂದು ಹಿಡಿ ಜೋಳ ಎತ್ತಿ ಸುಮ್ಮನೆ ಸುರಿದ.

“ಯವ್ವಾ, ಅದರಾಗ ಯಾರರ ಕೆಟ್ಟ ಕೆಲಸ ಮಾಡಿದ್ರ ನಮ್ಮ ಮನಿಗೆ ಬರ್ತಾರೇನು?”

ಪ್ರಜ್ಞಾ ಕೈ ನಿಲ್ಲಿಸಲಿಲ್ಲ. “ಕಡೇ ಬಾಗಿಲಾ ಇಟ್ಟವರ ಮನಿಗೆ ಬರಬಹುದು. ಎಲ್ಲಾರೂ ಹೊರಗ ಬೀಳೂದು ಆ ಬಾಗಿಲದಿಂದ, ಅದಕ್ಕ ಬೈಗಳಾನೂ ಅಲ್ಲೇ ಬರ್ತಾವ. ನಾ ಅದನ್ನ ಮನ್ಯಾಗ ಇಟ್ಟಿಲ್ಲ. ನಮ್ಮದು ಮೊದಲನೇ ಸ್ಟ್ಯಾಂಡ್. ನೋಡವರಿಗೆ ನಮ್ಮ ವಿಳಾಸ ಅಲ್ಲಿ ಕಾಣಂಗಿಲ್ಲ.”

“ಕಾಯ್ದೆ?”

“ನಾ ಓದಿದ ಮಟ್ಟಿಗೆ ಇದು ತಪ್ಪು ಅಂತ ಎಲ್ಲೂ ಸಿಕ್ಕಿಲ್ಲ.” ಒಂದು ಹರಳು ಆಯ್ದು ಬದಿಗಿಟ್ಟಳು. “ಆದ್ರ ಬಂದ ಪೊಲೀಸನ ತಲ್ಯಾಗ ಏನ್ ಬರ್ತೈತಿ ಅಂತ ನಾ ಹೆಂಗ ಹೇಳ್ಲಿ?”

ಪರಸಪ್ಪನಿಗೆ ಬೇಕಿದ್ದದ್ದು ಅದೊಂದರ ಖಾತ್ರಿ. ಉಳಿದದ್ದನ್ನೆಲ್ಲ ಮಗಳು ಖಾತ್ರಿಯಾಗಿ ಹೇಳಿ, ಅದೊಂದನ್ನು ಬಿಟ್ಟಿದ್ದಳು.

“ಹಂಗಾರ ಆರ್ಡರ್ ಬರೂ ತನಕ ಬಂದ್ ಮಾಡೂನೇನು?”

ಅವಳು ಈಗ ತಲೆಯೆತ್ತಿದಳು. “ನೌಕರಿ ನಂದು, ಹೆದರಿಕಿ ನಿಂದು. ಮಾಡೂದಾದ್ರ ನನಗ ಹೇಳಿ ಮಾಡಪ್ಪಾ. ಕದ್ದು ಮಾಡಬ್ಯಾಡ.”

ಅವನು ಆಗ ಏನೂ ಮಾಡಲಿಲ್ಲ. ಮಾಡುವಂತೆ ಮಾಡಿದ್ದು ಮಲಕಾಜಪ್ಪ ಗೋಡೆಯ ಆಚೆಯಿಂದ ತಂದ ಇನ್ನೊಂದು ಸುದ್ದಿ.

“ಕಂಟ್ರೋಲರ್ ಸಾಹೇಬ್ರ, ನಿಮ್ಮ ಹುಡುಗಿ ಕಾಗದಾ ಕಲ್ಮೇಶ ಹವಾಲ್ದಾರನ ಕೈಗೆ ಬಂದೈತಂತ.”

“ಯಾವ ಕಲ್ಮೇಶ?”

“ಎಷ್ಟ ಮಂದಿ ಕಲ್ಮೇಶ ಅದಾರ ಠಾಣೇದಾಗ? ನೀ ಗಂಟ ಕಟ್ಟಸಿದ್ಯಲ್ಲ, ಅವ.”

ಗಂಟು ಕಟ್ಟಿಸಿದ್ದು ಪರಸಪ್ಪನಿಗೆ ಚೆನ್ನಾಗಿ ನೆನಪಿತ್ತು.

ಅದು ಅವನು ನಿವೃತ್ತನಾಗುವ ಮುಂಚಿನ ಚುನಾವಣೆಯ ಕಾಲ. ಊರ ಹೊರಗೆ ತಪಾಸಣೆಯ ಚೌಕಿ ಹಾಕಿದ್ದರು. ಹಣ, ಹೆಂಡ ಸಾಗಿಸುತ್ತಾರೆಂದು ಎಲ್ಲ ವಾಹನಗಳನ್ನೂ ನೋಡುತ್ತಿದ್ದರು. ಧಾರವಾಡದ ಬಸ್ಸು ಹೊರಟು ಬಹಳ ಹೊತ್ತಾದರೂ ಚೌಕಿ ದಾಟಿಲ್ಲವೆಂದು ಸುದ್ದಿ ಬಂದಾಗ ಪರಸಪ್ಪ ಒಬ್ಬ ಪರಿಚಯದವನ ಗಾಡಿಯ ಹಿಂದೆ ಕೂತು ಹೋದ. ಅಲ್ಲಿ ಕಲ್ಮೇಶ ಎಂಬ ಪೊಲೀಸ್ ಇಂಜಿನ್ನಿನ ಮೇಲಿದ್ದ ಬುತ್ತಿಗಳನ್ನೆಲ್ಲ ಕೆಳಗಿಳಿಸಿ, ಒಂದೊಂದಾಗಿ ಬಿಚ್ಚಿ, ರೊಟ್ಟಿಗಳ ನಡುವೆ ಕೈಯಾಡಿಸುತ್ತಿದ್ದ. ರಸ್ತೆಯ ಧೂಳು ಪಲ್ಯದ ಮೇಲೆ ಕೂರುತ್ತಿತ್ತು.

ಪರಸಪ್ಪ ಜಗಳವಾಡಲಿಲ್ಲ. “ನೋಡ್ರಿ ಸಾಹೇಬ್ರ, ನೋಡೂದು ನಿಮ್ಮ ಕೆಲಸ. ಆದ್ರ ಬಿಚ್ಚಿದವರ ಕಟ್ಟಬೇಕು,” ಎಂದ. ಹೇಳಿ, ಬಸ್ಸಿನ ಮುಂದೆ ನಿಂತ. ಬಸ್ಸಿನ ಮಂದಿಯೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕಲ್ಮೇಶ ಕಟ್ಟಲು ಕೂತ. ಅವನು ಕಟ್ಟಿದ ಗಂಟು ಎತ್ತಿದ ಕೂಡಲೇ ಬಿಚ್ಚಿಕೊಂಡು ರೊಟ್ಟಿ ನೆಲಕ್ಕೆ ಬಿತ್ತು. ಚಚಡಿಯ ಕರೆವ್ವ ಎಂಬವಳು, “ಲಗ್ನಾ ಆಗಿಲ್ಲೇನ ತಮ್ಮಾ, ಒಂದ ಗಂಟೂ ಬರವಲ್ದಲ್ಲ!” ಎಂದದ್ದಕ್ಕೆ ಬಸ್ಸೆಲ್ಲ ಗೊಳ್ಳೆಂದಿತು. ಕೊನೆಗೆ ಪರಸಪ್ಪನೇ ಅವನ ಪಕ್ಕ ಕೂತು ಅರಿವೆಯ ಇನ್ನೊಂದು ತುದಿ ಹಿಡಿದ. ಇಬ್ಬರೂ ಸೇರಿ ಕಟ್ಟಿದರು. ಕಲ್ಮೇಶ ಆ ಹೊತ್ತಿನಲ್ಲಿ ಒಮ್ಮೆಯೂ ಅವನ ಮುಖ ನೋಡಲಿಲ್ಲ. ಆ ದಿನ ಧಾರವಾಡದಲ್ಲಿ ಎಷ್ಟೋ ಮಕ್ಕಳು ಗಂಟು ನೋಡಿ ಬುತ್ತಿ ಬದಿಗಿಟ್ಟರಂತೆ.

ಈಗ ಅದೇ ಕಲ್ಮೇಶ ಹವಾಲ್ದಾರನಾಗಿದ್ದ, ಪ್ರಜ್ಞಾಳ ಕಾಗದ ಅವನ ಕೈಯಲ್ಲಿತ್ತು.

ಪ್ರಜ್ಞಾ ಏನೋ ಪ್ರಮಾಣಪತ್ರಕ್ಕೆಂದು ಸವದತ್ತಿಯ ಕಚೇರಿಗೆ ಹೋದ ದಿನ ಪರಸಪ್ಪ ಕಂಪ್ಯೂಟರಿನ ಮುಂದೆ ಕೂತ. ಹೇಗೆ ಬಂದ್ ಮಾಡಬೇಕೆಂದು ಅವನಿಗೆ ಗೊತ್ತಿತ್ತು, ಒಂದು ಗುಂಡಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರಾಯಿತು. ಮೌಸ್ ಹಿಡಿದ. ಗುರುತು ಹಸಿರಾಯಿತು. ಯಾರೋ ಹತ್ತಿದ್ದರು.

ಮಂದಿ ಹತ್ತಿ ಕೂತ ಬಸ್ಸನ್ನು ಪರಸಪ್ಪ ಎಂದೂ ರದ್ದು ಮಾಡಿದವನಲ್ಲ. ಕೈ ಹಿಂದಕ್ಕೆ ತೆಗೆದುಕೊಂಡ. ಇಳಿದ ಮೇಲೆ ಮಾಡಿದರಾಯಿತು ಎಂದು ಕಾದ. ಹಸಿರು ಹೋಗಿ ನೇರಳೆಯಾಯಿತು. ಮೌಸಿನ ಮೇಲೆ ಕೈ ಇಡುವಷ್ಟರಲ್ಲಿ ಮತ್ತೆ ಹಸಿರು. ಒಂದು ಮನೆ ಬಂದಾದರೆ ಅವರ ಯಂತ್ರ ತಾನೇ ಇನ್ನೊಂದು ಮನೆ ಹುಡುಕಿಕೊಳ್ಳುತ್ತದೆ ಎಂದು ಪ್ರಜ್ಞಾ ಹೇಳಿದ್ದು ಅವನಿಗೆ ನೆನಪಿತ್ತು. ಆದರೂ ಆಗಲಿಲ್ಲ. ಮಗಳ ನೌಕರಿಯನ್ನು ನೆನೆದು ಕೈ ಮುಂದಕ್ಕೆ ಹೋಗುತ್ತಿತ್ತು, ಹಸಿರನ್ನು ಕಂಡು ಹಿಂದಕ್ಕೆ ಬರುತ್ತಿತ್ತು.

“ಅದ್ಯಾಕ ಅದರ ಮುಂದ ಹಂಗ ಕುಂತೀರಿ, ಹಾವ ಹಿಡಿಯವರಂಗ?” ಎಂದು ಸುಂದರವ್ವ ಒಳಗಿನಿಂದ ಕೇಳಿದಳು.

“ಏನಿಲ್ಲ.”

ಊಟದ ಹೊತ್ತಿಗೆ ಗುರುತು ಸ್ವಲ್ಪ ಹೊತ್ತು ನೇರಳೆಯಾಗಿಯೇ ಉಳಿಯಿತು. ಪರಸಪ್ಪ ಗುಂಡಿ ಸರಿಸಿದ. ಗುರುತು ಬೂದಿ ಬಣ್ಣಕ್ಕೆ ತಿರುಗಿತು. ಆ ದಿನ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಪ್ರಜ್ಞಾ ಮರಳಿ ಬಂದಾಗ ಹೇಳಬೇಕೆಂದು ಬಾಯಿ ತೆರೆದ, ಪ್ರಮಾಣಪತ್ರ ಸಿಕ್ಕಿತೇ ಎಂದು ಕೇಳಿ ಮುಚ್ಚಿದ. ಹೆದರಿಕೆ ಕಡಿಮೆಯಾಗುತ್ತದೆಂದು ಬಂದ್ ಮಾಡಿದ್ದ. ಈಗ ಪೊಲೀಸನ ಹೆದರಿಕೆಯ ಜೊತೆಗೆ ಮಗಳು ಅತ್ತ ಕಣ್ಣು ಹಾಯಿಸಿಯಾಳೆಂಬ ಹೆದರಿಕೆಯೂ ಸೇರಿಕೊಂಡಿತು.

ಕಲ್ಮೇಶ ಹವಾಲ್ದಾರ ಬಂದದ್ದು ಒಂದು ಮುಂಜಾನೆ. ಮೋಟಾರ್ ಸೈಕಲ್ ನಿಲ್ಲಿಸಿ, ಮೊದಲು ಪಕ್ಕದ ಮನೆಗೆ ಹೋದ. ಗೋಡೆಯ ಆಚೆ ಮಲಕಾಜಪ್ಪನ ದನಿ ಏಳುವುದು, ಇಳಿಯುವುದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ದನಿ ಇಳಿದಾಗೆಲ್ಲ ಪರಸಪ್ಪ ಗೋಡೆಯ ಕಡೆ ಒಂದು ಹೆಜ್ಜೆ ಸರಿಯುತ್ತಿದ್ದ. ಆಮೇಲೆ ಹವಾಲ್ದಾರ ಇವರ ಪಡಸಾಲೆಗೆ ಬಂದು ಕುರ್ಚಿಯಲ್ಲಿ ಕೂತ. ಮೈ ಸ್ವಲ್ಪ ತುಂಬಿತ್ತು, ಕಿವಿಯ ಬಳಿ ಕೂದಲು ನರೆತಿತ್ತು. ಗುರುತು ಹಿಡಿದವನಂತೆ ತೋರಿಸಿಕೊಳ್ಳಲಿಲ್ಲ.

ಎಲ್ಲಿ ಓದಿದ್ದು, ಹಾಸ್ಟೆಲ್ ಯಾವುದು, ಎಷ್ಟು ವರ್ಷದಿಂದ ಈ ಮನೆ, ಕೇಸೇನಾದರೂ ಇದೆಯೇ ಎಂದು ಕೇಳಿದ. ಪ್ರಜ್ಞಾ ಕೇಳಿದ್ದಕ್ಕೆ ಕೇಳಿದಷ್ಟೇ ಹೇಳಿದಳು. ಅವನು ಪೆನ್ನಿನ ಟೋಪಿ ಮುಚ್ಚಿದಾಗ ಮುಗಿಯಿತೆಂದು ಪರಸಪ್ಪನಿಗೆ ಅನಿಸಿತು.

“ಬಾಜೂ ಮನಿಯವರನ್ನ ಕೇಳಿದೆ,” ಎಂದ ಕಲ್ಮೇಶ. “ಭಾಳ ಚಲೋ ಮಂದಿ ಅಂದ್ರು. ಅಂದು, ಮತ್ತೊಂದ ಮಾತ ಹೇಳಿದ್ರು. ನಿಮ್ಮ ಕಂಪ್ಯೂಟರಿನ್ಯಾಗ ಪರದೇಶದ ಮಂದಿದು ಏನೇನೋ ಹಾದು ಹೋಗ್ತೈತಂತ. ಹೌದೇನ್ರಿ?”

ಪ್ರಜ್ಞಾ ಮಾತಾಡಲು ಮುಂದೆ ಬಾಗಿದಳು. ಪರಸಪ್ಪ ಕೈಯೆತ್ತಿ ತಡೆದ.

‘ಅದು ಬಂದ್ ಐತ್ರಿ’ ಎಂದರೆ ಮುಗಿಯುತ್ತಿತ್ತು. ಆ ಮಾತು ಸುಳ್ಳಲ್ಲ. ಹವಾಲ್ದಾರ ಎದ್ದು ನೋಡಿದರೂ ಬೂದಿ ಬಣ್ಣವೇ ಕಾಣುತ್ತಿತ್ತು. ಮಗಳ ನೌಕರಿ ಆ ಒಂದು ಮಾತಿನ ಆಚೆ ಬದಿಯಲ್ಲಿ ನಿಂತಿತ್ತು. ಪರಸಪ್ಪ ಆ ಮಾತನ್ನು ನಾಲಿಗೆಯ ತನಕ ತಂದ. ತಂದ ಮೇಲೆ ಅದು ನಡುವೆ ಬಿಚ್ಚಿ ಬೇರೆಯವರು ಕಟ್ಟಿದ ಗಂಟಿನಂತೆ ಕಂಡಿತು.

“ಹೋಗತಿತ್ರಿ,” ಎಂದ. “ನೀವು ಬರ್ತೀರಂತ ಗೊತ್ತಾಗಿ ನಾನ ಬಂದ್ ಮಾಡೇನಿ. ಮಗಳಿಗೂ ಹೇಳಿಲ್ಲ.”

ಪ್ರಜ್ಞಾ ತಿರುಗಿ ಅವನನ್ನು ನೋಡಿದಳು. ಅವನು ಆ ಕಡೆ ನೋಡಲಿಲ್ಲ.

“ಯಾಕ ಬಂದ್ ಮಾಡಿದ್ರಿ? ತಪ್ಪ ಕೆಲಸೇನು?”

“ಅಲ್ರಿ.”

“ಮತ್ತ?”

“ಹೆದರಿಕಿರಿ. ಅದೂ ನೀವ ಅಂತ ಗೊತ್ತಾದ ಮ್ಯಾಲ ಮತ್ತೂ ಹೆಚ್ಚಾತು.”

ಕಲ್ಮೇಶ ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. “ಅವತ್ತ ನನಗ ಸಾಹೇಬ್ರೂ ಬೈದ್ರು, ಬಸ್ ಅಷ್ಟೊತ್ತ ಯಾಕ ನಿಂದರಸಿದಿ ಅಂತ. ಬಸ್ಸಿನ್ಯಾಗಿನ ಮಂದಿ ಎಲ್ಲಾ ನಕ್ಕರು. ನೀವೊಬ್ರ ನಗಲಿಲ್ಲ.” ಟೋಪಿಯ ಅಂಚು ಸವರುತ್ತಾ, “ಅದಕ್ಕ ನಿಮ್ಮ ಮ್ಯಾಲ ಭಾಳ ಸಿಟ್ಟು ಬಂದಿತ್ತು,” ಎಂದ.

ಹಾಗೆಂದವನು ಮೂಲೆಯ ಕಂಪ್ಯೂಟರಿನ ಕಡೆ ತಿರುಗಿದ.

“ಚಾಲೂ ಮಾಡ್ರಿ. ನೋಡೂನು.”

ಪ್ರಜ್ಞಾ ಎದ್ದು ಹೋಗಿ ಗುಂಡಿ ಸರಿಸಿದಳು. ಗುರುತು ನೇರಳೆಯಾಯಿತು. ಕಲ್ಮೇಶ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತ. ಏನೂ ಆಗಲಿಲ್ಲ. ಸುಂದರವ್ವ ಚಹಾ ತಂದಿಟ್ಟಳು. ಆಗಲೂ ಏನೂ ಆಗಲಿಲ್ಲ.

“ಪ್ಯಾಸೆಂಜರ್ ಇಲ್ಲೇನ್ರಿ ಕಂಟ್ರೋಲರ್ ಸಾಹೇಬ್ರ?”

“ತಡೀರಿ, ಈಗರ ಸ್ಟ್ಯಾಂಡ್ ತಗದೈತಿ,” ಎಂದ ಪರಸಪ್ಪ. ಬರಬಾರದು ಎಂದೂ ಬೇಡಿಕೊಳ್ಳುತ್ತಿದ್ದ, ಬರಲಿ ಎಂದೂ ಬೇಡಿಕೊಳ್ಳುತ್ತಿದ್ದ.

ಚಹಾ ಅರ್ಧವಾದಾಗ ಗುರುತು ಹಸಿರಾಯಿತು. ನಾಲ್ವರೂ ಅದನ್ನೇ ನೋಡಿದರು. ಅಲ್ಲಿ ಕಾಣಲು ಬೇರೆ ಏನೂ ಇರಲಿಲ್ಲ.

“ಯಾರಿವ್ರು?” ಕಲ್ಮೇಶನ ದನಿ ತಾನಾಗಿ ಸಣ್ಣದಾಗಿತ್ತು.

“ಗೊತ್ತಿಲ್ರಿ.”

“ಕೆಟ್ಟ ಮನಶ್ಯಾ ಇದ್ರ?”

“ಇರಬಹುದ್ರಿ,” ಎಂದಳು ಪ್ರಜ್ಞಾ. “ಇಲ್ಲ ಅಂತ ನಾ ಹೇಳೂದಿಲ್ಲ.”

ಪರಸಪ್ಪ ಕಣ್ಣು ಮುಚ್ಚಿಕೊಂಡ. ಇಷ್ಟು ನಿಜ ಹೇಳುವ ಅಗತ್ಯವೇನಿತ್ತು ಈ ಹುಡುಗಿಗೆ!

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಂದರವ್ವನಿಗೆ ತಡೆಯಲಾಗಲಿಲ್ಲ. “ಬಸ್ಸಿನ್ಯಾಗ ಕಿಸೆಗಳ್ಳನೂ ಹತ್ತತಾನ್ರಿ ಹವಾಲ್ದಾರ್ರ. ಹಂಗಂತ ಬಸ್ ಬಂದ್ ಮಾಡ್ತೀರೇನು?”

“ಬಸ್ಸಿನ್ಯಾಗಿನ ಕಳ್ಳನ್ನ ನಾವು ಹಿಡಿತೇವ್ರಿ ಅವ್ವಾರ. ಇಲ್ಲಿ ಹೆಂಗ ಹಿಡಿಯೂದು?”

“ಅವ ಕಳವು ಮಾಡಿದಲ್ಲಿ ಹಿಡಿಬೇಕ್ರಿ,” ಎಂದಳು ಪ್ರಜ್ಞಾ. “ಅದು ಕಷ್ಟದ ಕೆಲಸ, ಖರೆ. ಆದ್ರ ನಡುವಿನ ಸ್ಟ್ಯಾಂಡಿನ್ಯಾಗ ನಿಂತು ಎಲ್ಲಾರ ಗಂಟೂ ಬಿಚ್ಚಿದ್ರ…” ಎದುರಿಗೆ ಕೂತವನು ಯಾರೆಂದು ನೆನಪಾಗಿ ಅಲ್ಲಿಗೇ ನಿಲ್ಲಿಸಿದಳು.

ಕಲ್ಮೇಶ ಉಳಿದ ಚಹಾ ಕುಡಿದು ಬಟ್ಟಲು ಕೆಳಗಿಟ್ಟ.

“ರೊಟ್ಟಿ ಸಿಗ್ತಾವ,” ಎಂದ. “ಅವತ್ತ ಅಷ್ಟೂ ಬಿಚ್ಚಿದೆ. ಅಷ್ಟರಾಗೂ ಬರೇ ರೊಟ್ಟಿ.”

ಎದ್ದು ಟೋಪಿ ಹಾಕಿಕೊಂಡ. ಪರಸಪ್ಪ ಅವನ ಹಿಂದೆ ಗಾಡಿಯ ತನಕ ನಡೆದ. ಕೇಳಬಾರದೆಂದು ಗೊತ್ತಿದ್ದೂ ಕೇಳಿದ, “ಸಾಹೇಬ್ರ, ಏನ್ ಬರೀತೀರಿ?”

“ಕಂಡಷ್ಟ ಬರೀತೇನಿ.”

“ಏನ್ ಕಂಡ್ರಿ?”

ಕಲ್ಮೇಶ ಗಾಡಿ ಚಾಲೂ ಮಾಡಿದ. “ಚಾ ಚಲೋ ಇತ್ತಂತ ಅವ್ವಾರಿಗೆ ಹೇಳ್ರಿ,” ಎಂದು ಹೊರಟುಹೋದ.

ಪರಸಪ್ಪ ಒಳಗೆ ಬಂದಾಗ ಪ್ರಜ್ಞಾ ಕಂಪ್ಯೂಟರಿನ ಬಳಿಯೇ ನಿಂತಿದ್ದಳು. ಅಪ್ಪನ ಮೇಲೆ ಅವಳಿಗೆ ಸಿಟ್ಟಿತ್ತು, ಆದರೆ ಅದನ್ನು ಉದ್ದ ಮಾಡಲಿಲ್ಲ. “ಹೇಳಿ ಮಾಡು ಅಂದಿದ್ದೆ,” ಎಂದಳು ಅಷ್ಟೇ. ಅವನು, “ಹೂಂ,” ಎಂದ. ಗುಂಡಿಯನ್ನು ಆಮೇಲೆ ಇಬ್ಬರೂ ಮುಟ್ಟಲಿಲ್ಲ.

ಮುಂದಿನ ದಿನಗಳಲ್ಲಿ ಹೆದರಿಕೆ ಹೋಯಿತು ಎಂದರೆ ತಪ್ಪಾಗುತ್ತದೆ. ಆದೇಶ ಬರಲಿಲ್ಲ, ಬರುವುದಿಲ್ಲ ಎಂಬ ಸುದ್ದಿಯೂ ಬರಲಿಲ್ಲ. ಮಲಕಾಜಪ್ಪ ಕೆಲವು ದಿನ ಗೋಡೆಯ ಹತ್ತಿರವೇ ಸುಳಿಯಲಿಲ್ಲ. ಆಮೇಲೆ ಒಂದು ಸಂಜೆ ಚಹಾದಂಗಡಿಯಲ್ಲಿ ತಾನಾಗಿ ಬಂದು ಪಕ್ಕ ಕೂತ. “ಕೇಳಿದ್ರು, ಸುಳ್ಳ ಹೇಳಾಕ ಬರಲಿಲ್ಲೋ,” ಎಂದ. “ನನಗೂ ಬರಲಿಲ್ಲ ಬಿಡು,” ಎಂದು ಪರಸಪ್ಪ ಅವನಿಗೂ ಒಂದು ಚಹಾ ಹೇಳಿದ. ಮೋಟಾರ್ ಸೈಕಲ್ ನಿಂತಾಗ ಎದೆ ಈಗಲೂ ಧಸಕ್ಕೆನ್ನುತ್ತಿತ್ತು, ಕಣ್ಣು ಈಗಲೂ ಮೊದಲು ಮೂಲೆಗೇ ಹೋಗುತ್ತಿತ್ತು. ಆದರೆ ಹಸಿರೋ ನೇರಳೆಯೋ ನೋಡಿಕೊಂಡು ಬಾಗಿಲಿಗೆ ಹೋಗುತ್ತಿದ್ದ. ಕೈ ಅತ್ತ ಹೋಗುತ್ತಿರಲಿಲ್ಲ.

ಆದೇಶ ಬಂದದ್ದು ಮಳೆ ಹಿಡಿದು, ಹೊಲಗಳಲ್ಲಿ ಹೆಸರುಕಾಳು ಬಿತ್ತಿದ ಮೇಲೆ. ಕಲ್ಮೇಶ ಏನು ಬರೆದಿದ್ದನೋ ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆಮೇಲೊಮ್ಮೆ ಸ್ಟ್ಯಾಂಡಿನಲ್ಲಿ ಎದುರಾದಾಗ ಪರಸಪ್ಪ ನಮಸ್ಕಾರ ಮಾಡಿದ, ಅವನೂ ಮಾಡಿದ. ಪರಸಪ್ಪ ಕೇಳಲಿಲ್ಲ.

ಪ್ರಜ್ಞಾ ರಾಮದುರ್ಗದಲ್ಲಿ ಕೋಣೆ ಹಿಡಿದಳು. ಸುಂದರವ್ವ ಮೊದಲ ಬುತ್ತಿ ಕಟ್ಟಿದ ದಿನ ಪರಸಪ್ಪ ಅದನ್ನು ಸ್ಟ್ಯಾಂಡಿಗೆ ಒಯ್ದ. ಕಟ್ಟೆಯ ಮೇಲೆ ಇಟ್ಟ. ಕಿಟಕಿಯಲ್ಲಿ ಬೇರೆ ಕಂಟ್ರೋಲರ್ ಇದ್ದ. ರಾಮದುರ್ಗದ ಬಸ್ಸಿನ ಡ್ರೈವರ್ ಎಳೆಯ ಪ್ರಾಯದವನು, ಹೊಸಬ, ಎಂದೂ ನೋಡಿದ ಮುಖವಲ್ಲ. ಪರಸಪ್ಪ ಬುತ್ತಿಯನ್ನು ಇಂಜಿನ್ನಿನ ಮೇಲಿಟ್ಟು ಅವನ ಹೆಸರು ಕೇಳಲು ಬಾಯಿ ತೆರೆದ. ಯಾವ ಊರು, ಯಾವ ಡಿಪೋ, ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತೀ ಎಂದೆಲ್ಲ ಕೇಳಬೇಕೆನಿಸಿತು. ಇಷ್ಟು ವರ್ಷ ಆ ಕಿಟಕಿಯ ಮುಂದೆ ಗಂಟು ಇಟ್ಟು, ಬಸ್ಸು ಮರೆಯಾಗುವ ತನಕ ಸೆರಗು ಹಿಡಿದು ನಿಲ್ಲುತ್ತಿದ್ದ ಹೆಂಗಸರ ಮನಸ್ಸಿನಲ್ಲಿ ಏನಿರುತ್ತಿತ್ತು ಎಂದು ಅವನಿಗೆ ಅಂದು ತಿಳಿಯಿತು. ಕೇಳದೆ ಕೆಳಗಿಳಿದ. ಬಸ್ಸು ಹೊರಟಿತು.

ಮನೆಗೆ ಬಂದು ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತ. ಗುರುತು ಹಸಿರಾಗಿತ್ತು. ಮಧ್ಯಾಹ್ನ ಫೋನು ಬರುವ ತನಕ ಅವನು ಅಲ್ಲಿಂದ ಏಳಲಿಲ್ಲ.

“ಅಪ್ಪಾ, ಬುತ್ತಿ ಮುಟ್ಟೈತಿ,” ಎಂದಳು ಪ್ರಜ್ಞಾ. “ಗಂಟು ಅವ್ವಂದ.”